ಒಂಟಿ ತುಂಡು

ಕುಂಕಳ್ಳಿ
12 ಆಗಸ್ಟ್ 2007

ಮೊಮ್ಮಗಳು ಲತಾಳಿಗೆ,

ಇಲ್ಲಿ ನಾವೆಲ್ಲ ನೆಟ್ಟಗಿದ್ದೇವೆ. ನಿನ್ನಪ್ಪ ಕುಬೇರನಿಗೆ ಕಾರ್ಖಾನೆಯಲ್ಲಿ ಹಗಲು ಪಾಳಿ ಬಂದಿದೆ. ಈಗ ಮನೆಯಲ್ಲಿ ಊಟ ಹೊತ್ತಿಗೆ ಸರಿಯಾಗಿ ಆಗುತ್ತದೆ.

ಮೊನ್ನೆ ನೀನು ಫೋನಿನಲ್ಲಿ ಅವಸರದಿಂದ ಹೇಳಿದ್ದಕ್ಕೆ ನಾನು ಉತ್ತರ ಕೊಡಲಿಲ್ಲ. ಕೊಡುವುದೂ ಇಲ್ಲ. ಫೋನು ಮೀನಿನ ದರ ಕೇಳಲಿಕ್ಕೆ ಸಾಕು, ದೊಡ್ಡ ಮಾತಿಗೆ ಕಾಗದ ಬೇಕು. ನಮ್ಮ ತಾಂಡಾದಲ್ಲಿ ಹತ್ತನೆಯ ತರಗತಿ ಮುಟ್ಟಿದ ಮೊದಲ ಹೆಣ್ಣು ನಾನು. ಗೋವಾದ ಶಾಲೆಯಲ್ಲಿ ಓದಿದ ನಿನಗೆ ಕನ್ನಡ ಬರೆಯಲು ಕಲಿಸಿದವಳೂ ನಾನೇ. ಆದ್ದರಿಂದ ಬರೆದು ತಿಳಿಸು.

ನನಗೆ ತಿಳಿದದ್ದು ಇಷ್ಟು. ಮಡಗಾಂವದಲ್ಲಿ ಚೀಲ ಹೊಲಿಸುವ ಶಫೀಸಾಬರಿಗೆ ಡಿಸೆಂಬರದ ಗಿರಾಕಿಗೆಂದು ನಮ್ಮ ಕನ್ನಡಿ ಕಸೂತಿ ಬಹಳ ಬೇಕಾಗಿದೆ. ಕುಂಕಳ್ಳಿಯ ನಮ್ಮ ಹೆಂಗಸರ ಕೈಯಿಂದ ಅಷ್ಟು ಆಗದು. ಉಳಿದದ್ದನ್ನು ವಾಸ್ಕೊದ ಗುಂಪಿಗೆ ಒಪ್ಪಿಸಬೇಕು ಎನ್ನುತ್ತೀ. ವಾಸ್ಕೊದ ಗುಂಪು ಎಂದರೆ ಸೋಮಿಬಾಯಿಯ ಗುಂಪು.

ಸೋಮಿ ನನ್ನ ಒಡಹುಟ್ಟಿದ ತಂಗಿ ಎಂದು ನೀನು ನೆನಪು ಮಾಡಿಕೊಡಬೇಕಾಗಿಲ್ಲ. ಮೂರು ವರ್ಷದ ಹಿಂದೆ ವಾಸ್ಕೊದ ಬಾಯ್ನಾದಲ್ಲಿ ಸರಕಾರದವರು ನಮ್ಮ ಮನೆಗಳನ್ನು ಕೆಡವಿದಾಗ ನಾನು ಇತ್ತ ಬಂದೆ, ಅವಳು ವಾಸ್ಕೊದಲ್ಲಿಯೇ ಉಳಿದಳು. ಅದಕ್ಕಲ್ಲ ಸಿಟ್ಟು. ಆ ಮಳೆಗಾಲ ಮುಗಿಯುವ ಮೊದಲೇ ಅವಳ ಕೈಯ ಕಸೂತಿಯ ಒಂದು ತುಂಡು ಅಲ್ಲಿಯ ಒಂದು ಅಂಗಡಿಯ ಗೋಡೆಯ ಮೇಲೆ, ಗಾಜಿನ ಚೌಕಟ್ಟಿನೊಳಗೆ ಒಂಟಿಯಾಗಿ ತೂಗುತ್ತಿದ್ದುದನ್ನು ಕಣ್ಣಾರೆ ನೋಡಿದೆ. ನಮ್ಮವ್ವ ಇರುವತನಕ ಒಂಟಿ ತುಂಡು ನಮ್ಮ ಹೊಸ್ತಿಲು ದಾಟಿದ್ದಿಲ್ಲ. ಚೀಲಕ್ಕೆ ಎರಡು ಮಗ್ಗಲು, ಕುಪ್ಪಸಕ್ಕೆ ಎರಡು ತೋಳು. ಜೋಡಿ ಮುಗಿಯುವವರೆಗೆ ಕೈಯಲ್ಲಿರುವುದನ್ನು ಕೆಲಸವೆಂದೇ ಹಿಡಿಯಬಾರದು ಎನ್ನುತ್ತಿದ್ದಳು. ಆ ಮಾತನ್ನು ಮಾರಿಕೊಂಡವಳ ಜೊತೆ ನನಗೆ ಮಾತಿಲ್ಲ.

ಶಫೀಸಾಬರು ಬೇರೆ ಯಾರನ್ನಾದರೂ ನೋಡಿಕೊಳ್ಳಲಿ.

ನಿನ್ನ ಆಯಿ,
ರಾಮಿಬಾಯಿ

*

ವಾಸ್ಕೊ
20 ಆಗಸ್ಟ್ 2007

ಆಯಿ,

ಕಾಲಿಗೆ ಬಿದ್ದು ಬರೆಯುತ್ತಿದ್ದೇನೆ. ಮೊದಲು ಬೈದು ಮುಗಿಸು, ಆಮೇಲೆ ಮುಂದೆ ಓದು.

ನೀನು ಸಣ್ಣಾಯಿಯ ಜೊತೆ ಮಾತನಾಡಬೇಕಾಗಿಯೇ ಇಲ್ಲ. ಫೋನಿನಲ್ಲಿ ನಾನು ಹೇಳಲು ಹೋದದ್ದು ಅದನ್ನೇ. ಮಾತನಾಡುವುದು ಕಂಪ್ಯೂಟರಿನೊಳಗಿನ ಎರಡು ಪ್ರೋಗ್ರಾಮುಗಳು.

ನಮ್ಮ ಕುಂಕಳ್ಳಿ ಗುಂಪಿನ ಕೆಲಸ ನೋಡಿಕೊಳ್ಳುವ ಪ್ರೋಗ್ರಾಮನ್ನು ನಾನು ಕೆಲಸ ಮಾಡುವ ಇಲ್ಲಿಯ ಆಫೀಸಿನಲ್ಲಿ ನಾನೇ ಪಿಎಚ್‌ಪಿ ಎನ್ನುವ ಭಾಷೆಯಲ್ಲಿ ಬರೆದೆ. ಸಣ್ಣಾಯಿಯ ಗುಂಪಿನದನ್ನು ಇಲ್ಲಿಯ ಕಾಲೇಜಿನ ಹುಡುಗಿಯರು ಜಾವಾ ಎನ್ನುವ ಭಾಷೆಯಲ್ಲಿ ಬರೆದಿದ್ದಾರೆ. ಎರಡೂ ಬೇರೆ ಬೇರೆ ಕಂಪ್ಯೂಟರಿನಲ್ಲಿವೆ. ಅದರ ಮಾತು ಇದಕ್ಕೆ ತಿಳಿಯದು, ಇದರದು ಅದಕ್ಕೆ ತಿಳಿಯದು. ಆದರೆ ಇಬ್ಬರೂ ಒಪ್ಪಿಕೊಂಡ ಒಂದು ಬಗೆಯ ಬರಹವಿದೆ. ನಮ್ಮದು ಆ ಬರಹದಲ್ಲಿ 'ಇಂಥ ಕೆಲಸ ಮಾಡು, ಅದಕ್ಕೆ ಬೇಕಾದ ವಿವರ ಇದು' ಎಂದು ಕಳಿಸುತ್ತದೆ. ಅವರದು ತನ್ನ ಮನೆಯೊಳಗೆ ತನಗೆ ಬಂದ ರೀತಿಯಲ್ಲಿ ಆ ಕೆಲಸ ಮಾಡಿ, ಅದೇ ಬರಹದಲ್ಲಿ ಉತ್ತರ ಕೊಡುತ್ತದೆ. ಒಳಗೆ ಹೇಗೆ ಮಾಡಿತು ಎಂದು ನಮ್ಮದು ನೋಡುವುದಿಲ್ಲ. ರಿಮೋಟ್ ಪ್ರೊಸೀಜರ್ ಕಾಲ್ ಎಂದು ಇದರ ಹೆಸರು. ದೂರದ ಮನೆಗೆ ಕೆಲಸ ಹೇಳಿ ಉತ್ತರ ತರಿಸಿಕೊಳ್ಳುವುದು, ಅಷ್ಟೇ.

ಶಫೀಸಾಬರು ತಮ್ಮ ವೆಬ್‌ಸೈಟಿನಿಂದ ನಮ್ಮನ್ನು ಕೇಳುತ್ತಾರೆ. ನಮ್ಮಿಂದ ಆಗುವಷ್ಟನ್ನು ನಮ್ಮದು ಒಪ್ಪಿಕೊಂಡು, ಉಳಿದದ್ದನ್ನು ವಾಸ್ಕೊದ್ದಕ್ಕೆ ಕೇಳುತ್ತದೆ.

ಈ ಕೆಲಸ ಕೈತಪ್ಪಿದರೆ ಈ ಸೀಸನ್ನಿಗೆ ನಮ್ಮ ಹೆಂಗಸರು ಮತ್ತೆ ಬೀಚಿನಲ್ಲಿ ಗಂಟು ಹೊತ್ತು ತಿರುಗಬೇಕು. ಅವರನ್ನು ಆ ಮರಳಿನಿಂದ ನೆರಳಿಗೆ ಕರೆತಂದವಳು ನೀನು. ಯೋಚನೆ ಮಾಡು.

ನಿನ್ನ
ಲತಾ

*

ಕುಂಕಳ್ಳಿ
2 ಸೆಪ್ಟೆಂಬರ್ 2007

ಲತಾಳಿಗೆ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ನನಗೆ ತಿಳಿದಂತೆ ಹೇಳುತ್ತೇನೆ, ತಪ್ಪಿದ್ದರೆ ತಿದ್ದು. ಅವರ ಮನೆಯ ಅಂಗಳದಲ್ಲಿ ನಿಂತು ಕೇಳುವುದು. ಒಳಗೆ ಕಾಲಿಡುವುದಿಲ್ಲ, ಅಡುಗೆಮನೆ ನೋಡುವುದಿಲ್ಲ, ಕುಳಿತುಕೊಳ್ಳುವುದಿಲ್ಲ, ಚಹಾ ಕುಡಿಯುವುದಿಲ್ಲ. ಉತ್ತರ ತೆಗೆದುಕೊಂಡು ಹಿಂದಿರುಗುವುದು. ಹೀಗಿದ್ದರೆ ನನ್ನದು ಅಡ್ಡಿಯಿಲ್ಲ.

ಹೆಂಗಸರನ್ನು ಕೂಡಿಸಿ ಹೇಳಿದೆ. ಎಲ್ಲರಿಗಿಂತ ಹೆಚ್ಚು ಬಾಯಿ ಮಾಡುವ ಬಾಳಮ್ಮ, "ಅಕ್ಕಾರ, ಅವರ ಯಂತ್ರ ನಮ್ಮ ಯಂತ್ರಕ್ಕ ಏನರ ಹಚ್ಚಿಕೊಟ್ಟು ಜಗಳ ತಂದ್ರ?" ಎಂದಳು. "ಜಗಳಕ್ಕ ಯಂತ್ರ ಯಾಕ ಬೇಕs, ನೀ ಇಲ್ಲೇನು?" ಎಂದೆ. ಎಲ್ಲರೂ ನಕ್ಕರು. ಒಪ್ಪಿದರು.

ಆದರೆ ಕೇಳುವ ಪ್ರಶ್ನೆಗಳನ್ನು ನಾನು ಹೇಳಿದಷ್ಟೇ ಇಡಬೇಕು. ಈ ನಮೂನೆ ನಿಮಗೆ ಬರುತ್ತದೆಯೇ? ಎಷ್ಟು ಮಾಡಬಲ್ಲಿರಿ? ಎಂದಿಗೆ ಕೊಡುವಿರಿ? ಮೂರೇ. ಕ್ಷೇಮಸಮಾಚಾರ ಕೇಳಕೂಡದು. ಅವರಿಂದಲೂ ಅಂಥ ಪ್ರಶ್ನೆ ನಮ್ಮ ಕಡೆಗೆ ಬರಕೂಡದು.

ನಮ್ಮಿಂದ ಆಗದ ಕೆಲಸ ಕೇಳಿದರೆ ನಮ್ಮ ಯಂತ್ರ ಸುಮ್ಮನಿರಲಿ. ಬುದ್ಧಿ ಇದ್ದವರು ಅದರಿಂದಲೇ ತಿಳಿದುಕೊಳ್ಳುತ್ತಾರೆ.

ನಿನ್ನ ಆಯಿ,
ರಾಮಿಬಾಯಿ

*

ವಾಸ್ಕೊ
9 ಸೆಪ್ಟೆಂಬರ್ 2007

ಆಯಿ,

ಅಂಗಳದ ಮಾತು ಸರಿಯಾಗಿದೆ. ನಮ್ಮ ಆಫೀಸಿನಲ್ಲಿ ಎಲ್ಲರಿಗೂ ಹೇಳಿದೆ. ಚಹಾ ಕುಡಿಯದೆ ಬರುವುದು ಮಾತ್ರ ಯಾರಿಗೂ ಹಿಡಿಸಲಿಲ್ಲ.

ಮೂರು ಪ್ರಶ್ನೆಗಳನ್ನೇ ಇಟ್ಟಿದ್ದೇನೆ. ಆದರೆ ಸುಮ್ಮನಿರುವುದು ಆಗದು ಆಯಿ. ಎಲ್ಲವೂ ಆದೀತು, ಅದೊಂದು ಆಗದು. ಕೇಳಿದವರು ಅಂಗಳದಲ್ಲಿ ನಿಂತೇ ಇರುತ್ತಾರೆ. ಒಳಗಿನವರಿಗೆ ಕೇಳಿಸಲಿಲ್ಲವೋ, ಮನೆಯಲ್ಲಿ ಯಾರೂ ಇಲ್ಲವೋ, ದಾರಿಯಲ್ಲಿ ಕರೆಯೇ ಕಳೆದುಹೋಯಿತೋ ಅವರಿಗೆ ಹೇಗೆ ಗೊತ್ತಾಗಬೇಕು? ಕೆಲವು ಯಂತ್ರಗಳು ಹಾಗೆ ನಿಂತು ನಿಂತು ಕೆಟ್ಟೇ ಹೋಗುತ್ತವೆ. ಅದಕ್ಕೇ ಆಗದಿದ್ದರೆ 'ಆಗುವುದಿಲ್ಲ, ಕಾರಣ ಇದು' ಎಂದು ಹೇಳುವ ಪದ್ಧತಿ ಇಟ್ಟಿದ್ದಾರೆ. ಅದೂ ಒಂದು ಉತ್ತರವೇ. ಅದು ಬಂದರೆ ಕೇಳಿದವರು ನಿಶ್ಚಿಂತೆಯಿಂದ ಬೇರೆ ದಾರಿ ನೋಡಬಹುದು.

ನಿನ್ನೆ ಕಾಲೇಜಿನಲ್ಲಿ ಪರೀಕ್ಷೆ ಮಾಡಿ ನೋಡುವಾಗ ಸಣ್ಣಾಯಿಯೂ ಬಂದಿದ್ದಳು. ಕಂಪ್ಯೂಟರಿನ ಮುಂದೆ ಸ್ಟೂಲು ಎಳೆದುಕೊಂಡು ಕುಳಿತು, "ಏನವಾ, ನಿಮ್ಮ ಆಯಿ ಈ ಡಬ್ಬಿ ಒಳಗ ಕುಂತಾಳೇನು?" ಎಂದಳು.

"ಇಲ್ಲ ಸಣ್ಣಾಯಿ, ಆಕಿ ಪ್ರಶ್ನೆ ಅಷ್ಟs ಬರತಾವ."

"ಬೈಗಳಾ?"

"ಬೈಗಳಾ ಬರೂದಿಲ್ಲ."

"ಹಂಗಾರ ಅದು ನಮ್ಮಕ್ಕ ಅಲ್ಲ ಬಿಡು," ಎಂದು ತನ್ನ ಮಾತಿಗೆ ತಾನೇ ಬಹಳ ಹೊತ್ತು ನಕ್ಕಳು. ಹೋಗುವಾಗ ಮಾತ್ರ ನಗಲಿಲ್ಲ. ಪರದೆಯ ಕಡೆಗೆ ಒಮ್ಮೆ ಹಿಂದಿರುಗಿ ನೋಡಿದಳು.

ಬರೆಯಬಾರದಿತ್ತೇನೋ. ಬರೆದುಬಿಟ್ಟೆ.

ಲತಾ

*

ಕುಂಕಳ್ಳಿ
18 ಸೆಪ್ಟೆಂಬರ್ 2007

ಲತಾಳಿಗೆ,

ಚವತಿ ಹಬ್ಬದ ಗದ್ದಲದಲ್ಲಿ ತಡವಾಯಿತು.

'ಆಗುವುದಿಲ್ಲ' ಎಂದು ಹೇಳುವ ಪದ್ಧತಿ ಇರಲಿ. ಕಾರಣವನ್ನು ಮಾತ್ರ ಚಿಕ್ಕದಾಗಿ ಹೇಳಲಿ. ನಾವು ಯಾರಿಗೂ ಉದ್ದುದ್ದ ವಿವರಣೆ ಕೊಡುವ ಮನೆಯವರಲ್ಲ.

ದೀಪಾವಳಿ ಕಳೆದು ಒಂದು ವಾರಕ್ಕೆ ನಮ್ಮ ಹೆಂಗಸರು ಮುನ್ನೂರು ಮಾಡಬಲ್ಲರು ಎಂದು ಬರೆದುಕೋ. ಎಲ್ಲವೂ ಅವ್ವನ ಸೂರ್ಯನ ನಮೂನೆ. ನಡುವೆ ದೊಡ್ಡ ಕನ್ನಡಿ ಬಿಲ್ಲೆ, ಸುತ್ತಲೂ ಚಿಕ್ಕವು. ನಾನು ಒಮ್ಮೆ ಹೇಳಿದ ಮೇಲೆ ಹೇಳಿದ ಹಾಗೆ.

ಸೋಮಿಗೆ ಸಣ್ಣವಳಿದ್ದಾಗಿನಿಂದಲೂ ನಗು ಹೆಚ್ಚು. ಅದರಲ್ಲಿ ಬರೆಯುವಂಥದ್ದು ಏನಿದೆ?

ನಿನ್ನ ಆಯಿ,
ರಾಮಿಬಾಯಿ

*

ವಾಸ್ಕೊ
7 ಅಕ್ಟೋಬರ್ 2007

ಆಯಿ,

ಆಯಿತು! ಗುರುವಾರ ಶಫೀಸಾಬರ ಕಡೆಯಿಂದ ಮೊದಲ ನಿಜವಾದ ಕರೆ ಬಂತು. ಮುನ್ನೂರು ಚೀಲಕ್ಕೆ ಆರುನೂರು ತುಂಡು ಬೇಕು ಎಂದರು. ನಮ್ಮದು ಮುನ್ನೂರು ಒಪ್ಪಿಕೊಂಡು, ಉಳಿದ ಮುನ್ನೂರಕ್ಕೆ ವಾಸ್ಕೊವನ್ನು ಕೇಳಿತು. ನಾನು ಪರದೆಯ ಮುಂದೆಯೇ ಕುಳಿತಿದ್ದೆ. ನೀರು ಕುಡಿಯಲು ಲೋಟ ಎತ್ತುವಷ್ಟರಲ್ಲಿ ಉತ್ತರ ಬಂದುಬಿಟ್ಟಿತು: ನಮೂನೆ ಬರುತ್ತದೆ, ಮುನ್ನೂರು ಮಾಡುತ್ತೇವೆ, ದೀಪಾವಳಿ ಕಳೆದು ಒಂದು ವಾರಕ್ಕೆ ಕೊಡುತ್ತೇವೆ.

ಎಣಿಕೆ ಸರಿಯಾಗಿ ಕೂಡಿತು. ಎರಡು ಭಾಷೆಯ ಎರಡು ಪ್ರೋಗ್ರಾಮುಗಳು, ಒಂದು ಅಕ್ಷರವೂ ತಪ್ಪಲಿಲ್ಲ. ಕಾಲೇಜಿನ ಹುಡುಗಿಯರು ಕುಣಿದಾಡಿದರು. ಎಲ್ಲರಿಗೂ ನಾನು ಪಾವ್ ಭಾಜಿ ಕೊಡಿಸಿದೆ.

ಅಪ್ಪ ಸೈಬರ್ ಅಂಗಡಿಗೆ ಹೋದಾಗ ಅಚ್ಚು ಹಾಕಿಸಿದ ಚೀಟಿ ತರುತ್ತಾನೆ. ಅದರಲ್ಲಿ 'ಸೂರ್ಯ, 300' ಎಂದಿರುತ್ತದೆ. ಇನ್ನು ಸೂಜಿ ಹಿಡಿಯಬಹುದು.

ಲತಾ

*

ಕುಂಕಳ್ಳಿ
18 ನವೆಂಬರ್ 2007

ಲತಾಳಿಗೆ,

ಕೆಲಸ ಮುಗಿದು ಗಂಟು ಮಡಗಾಂವಕ್ಕೆ ಹೋಯಿತು. ಹೇಳಿದ ದಿನಕ್ಕೆ ಹೇಳಿದಷ್ಟು. ನಿನ್ನಪ್ಪ ಗಂಟನ್ನು ಒಬ್ಬನೇ ಎತ್ತಲಾರದೆ ಜೊತೆಗೊಬ್ಬರನ್ನು ಕರೆದ.

ಈ ಒಂದೂವರೆ ತಿಂಗಳು ಚೆನ್ನಾಗಿತ್ತು. ಮಧ್ಯಾಹ್ನವಾದರೆ ಎಲ್ಲರೂ ನಮ್ಮ ಪಡಸಾಲೆಯಲ್ಲಿ. ಬಾಳಮ್ಮ ಹಾಡು ತೆಗೆದರೆ ಉಳಿದವರು ಸೊಲ್ಲು ಎತ್ತುತ್ತಿದ್ದರು. ಈ ಸಲ ಯಾರ ಪಾದವೂ ಬಿಸಿ ಮರಳಿಗೆ ಸುಟ್ಟಿಲ್ಲ. ಹೊಲಿಗೆ ಅಡ್ಡಾದಿಡ್ಡಿಯಾದವರಿಂದ ನಾನು ಬಿಚ್ಚಿಸಿದೆ, ಅವರು ಬೈದುಕೊಂಡರು, ಮತ್ತೆ ಹೊಲಿದರು. ಕೈ ಪಳಗಬೇಕಾದರೆ ಹಾಗೆಯೇ.

ವಾಸ್ಕೊದವರು ಹೇಳಿದಷ್ಟು ಕೊಟ್ಟರೇ? ಸುಮ್ಮನೆ ಕೇಳಿದೆ.

ನಿನ್ನ ಆಯಿ,
ರಾಮಿಬಾಯಿ

*

ವಾಸ್ಕೊ
25 ನವೆಂಬರ್ 2007

ಆಯಿ,

ಕುಳಿತುಕೊಂಡು ಓದು. ಕೆಡುಕೇನೂ ಅಲ್ಲ, ಆದರೆ ದೊಡ್ಡ ಗೊಂದಲವಾಗಿದೆ.

ಶಫೀಸಾಬರು ಫೋನು ಮಾಡಿ, "ಏನವಾ ಲತಾ, ನಿನ್ನ ಯಂತ್ರಕ್ಕ ಜ್ವರ ಗಿರ ಬಂದದೇನು? ನಾ ಕೇಳಿದ್ದು ಎಷ್ಟು, ಬಂದದ್ದು ಎಷ್ಟು! ನನ್ನ ಅಂಗಡ್ಯಾಗ ಕಾಲಿಡಾಕ ಜಾಗ ಇಲ್ಲ," ಎಂದರು. ಕುಂಕಳ್ಳಿಯಿಂದ ಎರಡು ಪಟ್ಟು ಬಂದಿದೆ, ವಾಸ್ಕೊದಿಂದಲೂ ಎರಡು ಪಟ್ಟು.

ನಾನು ಎರಡು ದಿನ ಪ್ರೋಗ್ರಾಮನ್ನು ಸಾಲು ಸಾಲಾಗಿ ನೋಡಿದೆ. ಎಲ್ಲಿಯೂ ತಪ್ಪಿಲ್ಲ. ಕೇಳಿದ್ದು ಮುನ್ನೂರು, ಹೇಳಿದ್ದು ಮುನ್ನೂರು. ಕಡೆಗೆ ನಿನ್ನ ಮೊದಲ ಕಾಗದ ನೆನಪಾಯಿತು. ಜೋಡಿ ಮುಗಿಯುವವರೆಗೆ ಅದನ್ನು ಕೆಲಸವೆಂದು ಹಿಡಿಯಬಾರದು ಎಂದು ಬರೆದಿದ್ದೆಯಲ್ಲ? ನೀನು ಮುನ್ನೂರು ಎಂದರೆ ಮುನ್ನೂರು ಜೋಡಿ! ನಾನು ಮುನ್ನೂರು ತುಂಡು ಎಂದು ಬರೆದುಕೊಂಡೆ. ನಿನ್ನ ಮೊಮ್ಮಗಳಾಗಿ ನನಗೆ ಅದು ಹೊಳೆಯಬೇಕಿತ್ತು.

ಆದರೆ ಇನ್ನೊಂದು ಮಾತು ಇದೆ. ಸಣ್ಣಾಯಿಯೂ ಕಾಲೇಜಿನ ಹುಡುಗಿಯರಿಗೆ ಮುನ್ನೂರು ಎಂದದ್ದು ಜೋಡಿಯ ಲೆಕ್ಕದಲ್ಲಿಯೇ. ಒಬ್ಬರೇ ತಪ್ಪಿದ್ದರೆ ಎಲ್ಲಾದರೂ ಎಡವಿ ಬೀಳುತ್ತಿದ್ದೆವು. ಇಬ್ಬರೂ ಒಂದೇ ರೀತಿ ಎಣಿಸಿದ್ದರಿಂದ ಕಡೆಯವರೆಗೂ ಎಲ್ಲ ಸರಿಯಾಗಿ ಕೂಡಿದಂತೆಯೇ ಕಂಡಿತು.

ಅವಳು ಇನ್ನೂ ನಿಮ್ಮವ್ವನ ಲೆಕ್ಕದಲ್ಲಿಯೇ ಎಣಿಸುತ್ತಾಳೆ ಆಯಿ.

ಶಫೀಸಾಬರು ನಿನ್ನನ್ನು ಅಂಗಡಿಗೆ ಬಂದು ನೋಡಲು ಹೇಳಿದ್ದಾರೆ.

ಲತಾ

*

ಕುಂಕಳ್ಳಿ
3 ಡಿಸೆಂಬರ್ 2007

ಲತಾಳಿಗೆ,

ಶುಕ್ರವಾರ ಮಡಗಾಂವಕ್ಕೆ ಹೋಗಿ ಬಂದೆ. ನಮ್ಮ ಲೆಕ್ಕ ಸರಿಯಾಗಿತ್ತು, ಕೇಳಿದವರ ಲೆಕ್ಕ ಅರ್ಧ ಇತ್ತು ಎಂದು ಹೇಳಬೇಕೆಂದೇ ಹೋದೆ. ಹೇಳಿದೆ ಕೂಡ.

ಶಫೀಸಾಬರು ಕುರ್ಚಿ ಹಾಕಿಸಿ, "ತಪ್ಪು ನಂದs ಇರ್ಲಿ ಅಕ್ಕಾರ. ಉಳಿದದ್ದು ಫೆಬ್ರುವರಿ ಕಾರ್ನಿವಾಲ್ ಹಬ್ಬದ ಚೀಲಕ್ಕ ಆಗತದ, ಒಂದೂ ವಾಪಸ್ ಕಳಸೂದಿಲ್ಲ. ಆದ್ರ ಇನ್ನೊಂದು ಆಗೇದ, ನೀವು ಸಿಟ್ಟಿಗೇಳಬಾರ್ದು," ಎಂದರು.

"ಮದಲ ಹೇಳ್ರಿ, ಸಿಟ್ಟು ಆಮ್ಯಾಲ ನೋಡೋಣ."

ಅವರ ಹೊಲಿಗೆಯವರು ಎರಡೂ ಊರಿನ ಗಂಟು ಬಿಚ್ಚಿ ಅಕ್ಕಪಕ್ಕ ಸುರುವಿಕೊಂಡು, ಚೀಲದ ಒಂದು ಮಗ್ಗಲಿಗೆ ಈ ರಾಶಿಯಿಂದ, ಇನ್ನೊಂದು ಮಗ್ಗಲಿಗೆ ಆ ರಾಶಿಯಿಂದ ತೆಗೆದುಕೊಂಡು ಹೊಲಿದುಬಿಟ್ಟಿದ್ದಾರೆ. ಎಲ್ಲ ಜೋಡಿಗಳೂ ಒಡೆದುಹೋಗಿವೆ. ಕತ್ತರಿ ಕೊಡಿ, ಬಿಚ್ಚುತ್ತೇನೆ ಎಂದೆ. ಕತ್ತರಿ ಕೊಟ್ಟರು. ಮೇಲಿನ ಚೀಲ ತೆಗೆದುಕೊಂಡು ಒಳಮಗ್ಗಲು ಹೊರಗೆ ಮಾಡಿದೆ.

ಲತಾ, ಕಸೂತಿಯ ಮುಖ ಯಾರಾದರೂ ಚಂದ ಮಾಡುತ್ತಾರೆ. ನಮ್ಮವ್ವ ನೋಡುತ್ತಿದ್ದದ್ದು ಬೆನ್ನು. ದಾರ ಮುಗಿದ ಮೂಲೆಯಲ್ಲಿ ಗಂಟು ಕಾಣದ ಹಾಗೆ ದಾರವನ್ನು ಮೂರು ಹೊಲಿಗೆಯ ಅಡಿಗೆ ಹಿಂದಕ್ಕೆ ನಡೆಸಬೇಕು ಎನ್ನುತ್ತಿದ್ದಳು. ನಮ್ಮ ಹೆಂಗಸರಿಗೆ ನಾನು ಹಾಗೆಯೇ ಕಲಿಸಿದ್ದೇನೆ. ಆ ಚೀಲದ ಒಂದು ಬೆನ್ನು ಬಾಳಮ್ಮನ ಕೈ, ನೋಡಿದ ಕೂಡಲೇ ತಿಳಿಯಿತು. ಇನ್ನೊಂದು ಬೆನ್ನು ಯಾರದೋ ವಾಸ್ಕೊದವಳದು. ಅದರಲ್ಲಿಯೂ ದಾರ ಮೂರು ಹೊಲಿಗೆಯ ಅಡಿಗೆ ಹಿಂದಕ್ಕೆ ನಡೆದಿತ್ತು. ಇನ್ನೊಂದು ಚೀಲ ತೆಗೆದೆ. ಅದೂ ಹಾಗೆಯೇ. ಮತ್ತೊಂದು ತೆಗೆದೆ.

ಶಫೀಸಾಬರು ಚಹಾ ತರಿಸಿ, "ಬಿಚ್ಚೂದs ಏನ್ರಿ?" ಎಂದು ಕೇಳಿದರು. "ಇರ್ಲಿ ಬಿಡ್ರಿ," ಎಂದೆ. ಚಹಾ ಕುಡಿದೆ.

ಬಿಚ್ಚಲಿಲ್ಲ.

ಈಗ ಒಂದು ಕೆಲಸ ಹೇಳುತ್ತೇನೆ. ನಿನ್ನ ಯಂತ್ರದಲ್ಲಿ ನಾಲ್ಕನೆಯ ಪ್ರಶ್ನೆ ಹಾಕು. ಇಷ್ಟು ಪಕ್ಕಾ ಎಣಿಸುವವಳು ಆ ಒಂದು ತುಂಡನ್ನು ಗೋಡೆಗೆ ಏಕೆ ಕೊಟ್ಟಳು? ಉತ್ತರ ಬರಲಿ.

ನಿನ್ನ ಆಯಿ,
ರಾಮಿಬಾಯಿ

*

ವಾಸ್ಕೊ
9 ಡಿಸೆಂಬರ್ 2007

ಆಯಿ,

ನಾಲ್ಕನೆಯ ಪ್ರಶ್ನೆ ಸೇರಿಸಲು ಅರ್ಧ ದಿನದ ಕೆಲಸ. ಆದರೆ ಒಳಗೆ ಇಟ್ಟದ್ದನ್ನು ಮಾತ್ರ ಯಂತ್ರ ಹೊರಗೆ ಕೊಡುತ್ತದೆ. ಈ ಉತ್ತರ ಯಾವ ಯಂತ್ರದೊಳಗೂ ಇಲ್ಲ. ಅದಕ್ಕೇ ನಿನ್ನ ಪ್ರಶ್ನೆಯನ್ನು ಒಂದು ಅಕ್ಷರವೂ ಬದಲಿಸದೆ ನಾನೇ ಹೊತ್ತುಕೊಂಡು ಸಣ್ಣಾಯಿಯ ಮನೆಗೆ ಹೋದೆ. ಅಂಗಳದಲ್ಲಿಯೇ ನಿಂತು ಕೇಳಿದೆ. ಅವಳು ಒಳಗೆ ಕರೆದಳು. ಹೋದೆ, ಕ್ಷಮಿಸು.

ಅವಳು ಕೈಯಲ್ಲಿದ್ದ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ.

"ಬಾಯ್ನಾದಾಗ ಗ್ವಾಡಿ ಬಿದ್ದ ದಿನ ಆ ತುಂಡು ನನ್ನ ಉಡಿಯಾಗಿತ್ತು, ಹೊಲಿಯಾಕತ್ತಿದ್ದೆ. ಅದರ ಜೋಡಿ ಪೆಟ್ಟಿಗಿಯಾಗಿತ್ತು. ಪೆಟ್ಟಿಗಿ ಗ್ವಾಡಿ ತಳಗ ಹೋತು. ಭಾಳ ಹುಡುಕಿದ್ನಿ, ಸಿಗಲಿಲ್ಲ. ಅಂಗಡಿಯಾಂವ ಅದನ್ನ ಬ್ಯಾರೆ ತುಂಡಿಗೆ ಹಚ್ಚಿ ಚೀಲಾ ಹೊಲಸ್ತೀನಿ ಅಂದ. ಜೋಡಿ ಸತ್ತದ್ದಕ್ಕ ಸುಳ್ಳು ಜೋಡಿ ಕಟ್ಟಬ್ಯಾಡಪಾ, ಗಾಜಿನಾಗ ಇಡು, ಯಾರೂ ಮುಟ್ಟೂದು ಬ್ಯಾಡ ಅಂತ ನಾನs ಹೇಳಿದ್ನಿ."

"ಆಯಿಗೆ ಯಾಕ ಹೇಳಲಿಲ್ಲ ಸಣ್ಣಾಯಿ?"

"ಆಕಿ ಕೇಳಲಿಲ್ಲ, ನಾ ಹೇಳಲಿಲ್ಲ. ಕೇಳ್ಯಾಳು, ಕೇಳ್ಯಾಳು ಅಂತ ಕಾದ್ನಿ. ನಾನೂ ಆಕಿ ತಂಗಿನs ಅಲ್ಲೇನು?"

ಆಮೇಲೆ ನನ್ನನ್ನು ನೋಡಿ, "ಇನ್ನೇನರ ಕೇಳೂದಿದ್ರ ಆಕಿನs ಕೇಳ್ಲಿ. ನಿನ್ನ ಕಳಸೂದು ಬ್ಯಾಡ. ನೀ ಚಹಾ ಕುಡೀತಿ, ಹರಟಿ ಹೊಡೀತಿ, ಕೆಲಸ ಕೆಡಸ್ತಿ," ಎಂದಳು.

ಇನ್ನು ಮುಂದೆ ಕರೆಯಲ್ಲಿ ಎಷ್ಟು ಎನ್ನುವುದರ ಜೊತೆಗೆ ಜೋಡಿಯೋ ಬಿಡಿಯೋ ಎನ್ನುವುದನ್ನೂ ಹೇಳಲೇಬೇಕು ಎಂದು ಎರಡೂ ಕಡೆ ತಿದ್ದಿದ್ದೇವೆ. ಶಫೀಸಾಬರು ಕಾರ್ನಿವಾಲಿನ ನಂತರಕ್ಕೂ ಕೇಳಿದ್ದಾರೆ.

ಲತಾ

*

ಕುಂಕಳ್ಳಿ
16 ಡಿಸೆಂಬರ್ 2007

ತಂಗಿ ಸೋಮಿಗೆ,

ಲತಾ ಇದನ್ನು ನಿನಗೆ ಓದಿ ಹೇಳುತ್ತಾಳೆ. ಓದುವಾಗ ನಡುವೆ ನಗಬೇಡ, ಅವಳಿಗೆ ಸಾಲು ತಪ್ಪುತ್ತದೆ.

ನಾನು ಕ್ಷಮೆ ಕೇಳಲು ಬರೆಯುತ್ತಿಲ್ಲ. ನೀನೂ ಕೇಳಬೇಕಾಗಿಲ್ಲ. ಅಂದು ಗೋಡೆಯ ಮೇಲೆ ಕಂಡದ್ದಕ್ಕೆ ಕಾರಣ ಈಗ ತಿಳಿಯಿತು. ಅವ್ವ ಇದ್ದಿದ್ದರೆ ಅವಳೂ ಅದನ್ನು ಗಾಜಿನಲ್ಲಿಯೇ ಇಡಿಸುತ್ತಿದ್ದಳು.

ನಿನ್ನ ಹೆಂಗಸರ ಹೊಲಿಗೆಯ ಬೆನ್ನು ನೋಡಿದೆ. ಚೆನ್ನಾಗಿ ಕಲಿಸಿದ್ದೀ. ಇಬ್ಬರು ಮೂವರು ದಾರವನ್ನು ಬಿಗಿಯಾಗಿ ಎಳೆಯುತ್ತಾರೆ, ಬಟ್ಟೆ ಸುಕ್ಕಾಗುತ್ತದೆ. ಅವರಿಗೆ ಹೇಳು.

ಈ ಕಾಗದದ ಜೊತೆಗೆ ಲತಾಳ ಕೈಯಲ್ಲಿ ಒಂದು ತುಂಡು ಕಳಿಸಿದ್ದೇನೆ. ಕಳೆದ ವಾರ ನಾನೇ ಕುಳಿತು ಮಾಡಿದ್ದು. ಸೂರ್ಯನ ನಮೂನೆ, ಅಂಚಿಗೆ ಅವ್ವ ಹಾಕುತ್ತಿದ್ದಂತೆ ಕವಡೆ. ಒಂದೇ ಇದೆ ಎಂದು ಹುಡುಕಾಡಬೇಡ. ಒಂದೇ ಕಳಿಸಿದ್ದೇನೆ. ನನ್ನ ಮನೆಯ ಹೊಸ್ತಿಲು ದಾಟಿದ ಮೊದಲ ಒಂಟಿ ತುಂಡು ಇದು. ಬಾಳಮ್ಮ ನೋಡಿ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಇಟ್ಟುಕೊಳ್ಳಲಿ.

ಇದರ ಜೋಡಿ ನಿನ್ನ ಕೈಯಲ್ಲಿ ಆಗಬೇಕು. ನಿನ್ನ ಕಣ್ಣು ಮಂಜಾಗುತ್ತಿದೆ ಎಂದು ಲತಾ ಹೇಳಿದಳು, ಅವಸರವಿಲ್ಲ, ಹಗಲು ಬೆಳಕಿನಲ್ಲಿ ಮಾಡು. ಮುಗಿದ ಮೇಲೆ ನೀನೇ ತೆಗೆದುಕೊಂಡು ಬಾ. ಮಡಗಾಂವದಲ್ಲಿ ಬಸ್ಸು ಬದಲಿಸಬೇಕು. ಕುಂಕಳ್ಳಿಯಲ್ಲಿ ಇಳಿದು ಯಾರನ್ನು ಕೇಳಿದರೂ ಮನೆ ತೋರಿಸುತ್ತಾರೆ. ಅಂಗಳದಲ್ಲಿ ನಿಲ್ಲಬೇಡ, ಒಳಗೆ ಬಾ.

ಆಗದಿದ್ದರೆ ಆಗುವುದಿಲ್ಲ ಎಂದಾದರೂ ಹೇಳಿ ಕಳಿಸು. ಸುಮ್ಮನೆ ಮಾತ್ರ ಇರಬೇಡ.

ನಿನ್ನ ಅಕ್ಕ,
ರಾಮಿ